ಷಟರ್ ಎತ್ತಿದ ಮಾತ್ರಕ್ಕೆ ಇಡ್ಲಿ ಬೆಂದಿರುವುದಿಲ್ಲ

ಕಾಲೇಜೊಂದರ ಗ್ರಂಥಾಲಯದ ಹಳೆಯ ಸರ್ವರನ್ನು ನಾನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತೇನೆ. ಯುಪಿಎಸ್ ಇದೆ, ಆದರೆ ಅದರ ಬ್ಯಾಟರಿಗೆ ವಯಸ್ಸಾಗಿದೆ. ಹತ್ತು ನಿಮಿಷ ಕರೆಂಟ್ ಹೋದರೆ ಸರ್ವರ್ ಕೂಡ ಹೋಗುತ್ತದೆ. ಕಳೆದ ಮಳೆಗಾಲದ ಒಂದು ಬೆಳಗ್ಗೆ ಹಾಗೆಯೇ ಆಯಿತು. ಎಂಟು ಗಂಟೆಗೆ ಕರೆಂಟ್ ಬಂತು, ಯಂತ್ರ ತಾನಾಗಿಯೇ ಎದ್ದಿತು. ಹತ್ತು ಗಂಟೆಗೆ ಗ್ರಂಥಪಾಲಕಿಯ ಫೋನ್: "ಸಾರ್, ಕ್ಯಾಟಲಾಗ್ ತೆರೆಯುತ್ತಿಲ್ಲ. ಹುಡುಗರು ಸಾಲಾಗಿ ನಿಂತಿದ್ದಾರೆ."

ಮನೆಯಿಂದಲೇ ಲಾಗಿನ್ ಆಗಿ ಲಾಗ್ ತೆರೆದೆ. ಕ್ಯಾಟಲಾಗ್ ತಂತ್ರಾಂಶ ಎದ್ದಿದೆ, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಬಾಗಿಲು ತಟ್ಟಿದೆ, 'ಇನ್ನೂ ಶುರುವಾಗುತ್ತಿದ್ದೇನೆ' ಎಂಬ ಉತ್ತರ ಕೇಳಿ ಸತ್ತಿದೆ. ಯಂತ್ರದಲ್ಲಿ ಸದಾ ಓಡಬೇಕಾದ ತಂತ್ರಾಂಶಗಳನ್ನು, ಅಂದರೆ ಸೇವೆಗಳನ್ನು, ಎಬ್ಬಿಸಿ ನೋಡಿಕೊಳ್ಳುವ ಲಿನಕ್ಸಿನ ಮ್ಯಾನೇಜರ್ ಸಿಸ್ಟಮ್‌ಡಿ ಅದನ್ನು ಮತ್ತೆ ಎಬ್ಬಿಸಿದೆ, ಅದು ಮತ್ತೆ ಸತ್ತಿದೆ. ಹೀಗೆ ಐದು ಸಲ. ನಾವು ಬೇರೆ ಹೇಳದಿದ್ದರೆ ಸಿಸ್ಟಮ್‌ಡಿ ಎರಡು ಯತ್ನಗಳ ನಡುವೆ ಬಿಡುವ ಅಂತರ ಬರೀ 100 ಮಿಲಿಸೆಕೆಂಡ್. 10 ಸೆಕೆಂಡಿನೊಳಗೆ 5 ಸಲ ಸೋತರೆ ಅದು ಕೈಚೆಲ್ಲುತ್ತದೆ. ನಮ್ಮ ಕ್ಯಾಟಲಾಗಿನ ಐದೂ ಸಾವುಗಳು ಮೂರು ಸೆಕೆಂಡಿನಲ್ಲಿ ಮುಗಿದುಹೋಗಿದ್ದವು. ಡೇಟಾಬೇಸ್ ಮಾತ್ರ, ಕರೆಂಟ್ ಹೋದಾಗ ಅರ್ಧಕ್ಕೆ ನಿಂತ ಬರಹಗಳನ್ನೆಲ್ಲ ಸರಿಪಡಿಸಿಕೊಂಡು, ಮುಕ್ಕಾಲು ನಿಮಿಷದ ಮೇಲೆ ಸಜ್ಜಾಗಿ ಕುಳಿತಿತ್ತು. ಎರಡು ಗಂಟೆಗಳ ಕಾಲ ಅದರ ಬಾಗಿಲು ತಟ್ಟುವವರೇ ಇರಲಿಲ್ಲ.

ತಪ್ಪು ನನ್ನದೇ. ಡೇಟಾಬೇಸನ್ನು ನಾನೇ ಮೂಲ ಕೋಡಿನಿಂದ ಕಟ್ಟಿಕೊಂಡಿದ್ದೆ, ಅದನ್ನು ಎಬ್ಬಿಸುವ ಯೂನಿಟ್ ಫೈಲನ್ನೂ ನಾನೇ ಆರೇಳು ಸಾಲಿನಲ್ಲಿ ಗೀಚಿದ್ದೆ. ಸೇವೆಯ ಬಗೆ ಯಾವುದು ಎಂಬಲ್ಲಿ 'ಸಿಂಪಲ್' ಎಂದು ಬರೆದಿದ್ದೆ. 'ಪ್ರೊಸೆಸ್ (ಓಡುತ್ತಿರುವ ತಂತ್ರಾಂಶ) ಹುಟ್ಟಿದ ಕ್ಷಣವೇ ಸೇವೆ ಸಿದ್ಧ ಎಂದು ತಿಳಿ' ಎಂಬುದು ಅದರ ಅರ್ಥ. ಡೇಟಾಬೇಸ್ ಆದ ಮೇಲೆ ಕ್ಯಾಟಲಾಗ್ ಏಳಲಿ ಎಂದೂ ಬರೆದಿದ್ದೆ. ಸಿಸ್ಟಮ್‌ಡಿ ಎರಡನ್ನೂ ಅಕ್ಷರಶಃ ಪಾಲಿಸಿತ್ತು. ದರ್ಶಿನಿಯ ಷಟರ್ ಐದೂವರೆಗೆ ಏಳುತ್ತದೆ. ಇಡ್ಲಿಯ ಮೊದಲ ಒಬ್ಬೆ ಇಳಿಯುವುದು ಆರಕ್ಕೆ. ಷಟರ್ ಎತ್ತಿದ್ದನ್ನು ನೋಡಿ ಒಳಗೆ ನುಗ್ಗಿ, ಕೌಂಟರ್ ಮುಂದೆ ಐದು ಸಲ ಟೋಕನ್ ಚಾಚಿ, ಮುನಿಸಿಕೊಂಡು ಹೊರಟುಹೋದ ಗಿರಾಕಿಯಂತೆ ಆಗಿತ್ತು ನಮ್ಮ ಕ್ಯಾಟಲಾಗಿನ ಕಥೆ.

ಲಿನಕ್ಸ್ ತಂತ್ರಾಂಶಗಳಿಗೆ ಸರ್ವಿಸ್ ಮ್ಯಾನೇಜರಿನ ಬೆಂಬಲ ಸೇರಿಸುವುದು ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಹೆಚ್ಚಿನವರ ಕಣ್ಣಿಗೆ ಅದು ಒಂದು ಕಡತ: ಪ್ಯಾಕೇಜಿನೊಳಗೆ ಹತ್ತು ಸಾಲಿನ ಯೂನಿಟ್ ಫೈಲ್ ಇಟ್ಟರೆ ಆಯಿತು, ಸೇವೆ ಏಳುತ್ತದೆ, ಬೀಳುತ್ತದೆ. ಕಡತ ಬೇಕು, ನಿಜ. ಆದರೆ ಕೆಲಸದ ತಿರುಳು ಇರುವುದು ತಂತ್ರಾಂಶದ ಒಳಗೆ, ಅದು ತನ್ನನ್ನು ನೋಡಿಕೊಳ್ಳುವ ಮ್ಯಾನೇಜರಿನ ಜೊತೆ ಆಡುವ ಒಂದೆರಡು ಮಾತುಗಳಲ್ಲಿ. ಆ ಮಾತುಗಳನ್ನು ಯಾರು ಬರೆಯಬೇಕು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಹೋದದ್ದರಿಂದ 2024ರಲ್ಲಿ ಲಿನಕ್ಸ್ ಜಗತ್ತು ದೊಡ್ಡದೊಂದು ಅಪಾಯದ ಅಂಚಿನಿಂದ ಕೂದಲೆಳೆಯಲ್ಲಿ ಪಾರಾಯಿತು. ಆ ಕಥೆಗೆ ಬರುವ ಮೊದಲು ಸ್ವಲ್ಪ ಹಿನ್ನೆಲೆ.

ಯಂತ್ರ ಏಳುವಾಗ ಲಿನಕ್ಸಿನ ತಿರುಳಾದ ಕರ್ನಲ್ ಮೊಟ್ಟಮೊದಲು ಹುಟ್ಟಿಸುವ ಪ್ರೊಸೆಸ್ಸಿನ ಸಂಖ್ಯೆ 1. ಉಳಿದ ಸೇವೆಗಳನ್ನೆಲ್ಲ ಎಬ್ಬಿಸುವ, ಸತ್ತವರನ್ನು ಗಮನಿಸುವ, ಕೊನೆಗೆ ಎಲ್ಲರನ್ನೂ ಮಲಗಿಸುವ ಯಜಮಾನಿಕೆ ಅದರದು. ದಶಕಗಳ ಕಾಲ ಈ ಯಜಮಾನ ಬಹಳ ಮಿತಭಾಷಿಯಾಗಿದ್ದ. ಇನಿಟ್.ಡಿ ಎಂಬ ಡೈರೆಕ್ಟರಿಯಲ್ಲಿ ಸೇವೆಗೊಂದು ಶೆಲ್ ಸ್ಕ್ರಿಪ್ಟ್ ಇರುತ್ತಿತ್ತು. ಅವನ್ನು ಸರದಿಯಂತೆ ಓಡಿಸಿದರೆ ಅವನ ಕೆಲಸ ಮುಗಿಯಿತು. ಆ ಸ್ಕ್ರಿಪ್ಟುಗಳು ನೂರು, ನೂರೈವತ್ತು ಸಾಲಿಗೆ ಬೆಳೆಯುತ್ತಿದ್ದವು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಿ, ಹೆಸರು ಬದಲಿಸಿ, ತಪ್ಪುಗಳನ್ನು ಹಾಗೆಯೇ ಉಳಿಸಿಕೊಂಡು ಬಂದವು ಅವು. ಓಡುತ್ತಿರುವ ಪ್ರೊಸೆಸ್ಸಿನ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಡುವುದು ಅಂದಿನ ಪದ್ಧತಿ. ಯಂತ್ರ ಹಠಾತ್ತನೆ ನಿಂತರೆ ಕಡತ ಉಳಿಯುತ್ತಿತ್ತು, ಪ್ರೊಸೆಸ್ ಉಳಿಯುತ್ತಿರಲಿಲ್ಲ. ಮುಂದಿನ ಸಲ ಅದೇ ಸಂಖ್ಯೆ ಬೇರೆ ಯಾರಿಗೋ ಸಿಕ್ಕಿರುತ್ತಿತ್ತು. 'ನಿಲ್ಲಿಸು' ಎಂದರೆ ಆ ಅಮಾಯಕನ ಕುತ್ತಿಗೆಗೆ ಕೈ ಬೀಳುತ್ತಿತ್ತು.

ಸಿಸ್ಟಮ್‌ಡಿಯ ಪ್ರಸ್ತಾವವನ್ನು ಲೆನಾರ್ಟ್ ಪೊಯೆಟರಿಂಗ್ ಮುಂದಿಟ್ಟದ್ದು 2010ರ ಏಪ್ರಿಲಿನಲ್ಲಿ. ಆಪಲ್ 2005ರಲ್ಲಿ ತಂದಿದ್ದ ಲಾಂಚ್‌ಡಿಯಿಂದ ಕಲಿತದ್ದನ್ನು ಅವರು ಮುಚ್ಚಿಡಲಿಲ್ಲ. ಲಿನಕ್ಸನ್ನು ಬೇಕಾದ ತಂತ್ರಾಂಶಗಳ ಜೊತೆ ಕಟ್ಟಿ ಹಂಚುವ 'ವಿತರಣೆ'ಗಳಲ್ಲಿ, 2011ರ ಮೇ ತಿಂಗಳಿನಲ್ಲಿ ಫೆಡೋರಾ 15 ಅದನ್ನು ಒಪ್ಪಿಕೊಂಡಿತು, 2014ರಲ್ಲಿ ರೆಡ್‌ಹ್ಯಾಟ್‌ನ ಎಂಟರ್‌ಪ್ರೈಸ್ ಲಿನಕ್ಸ್ 7, 2015ರ ಏಪ್ರಿಲಿನಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04. ನೂರೈವತ್ತು ಸಾಲಿನ ಸ್ಕ್ರಿಪ್ಟಿನ ಜಾಗಕ್ಕೆ ಹತ್ತು ಹದಿನೈದು ಸಾಲಿನ ಯೂನಿಟ್ ಫೈಲ್ ಬಂತು. ಯಾವ ಸೇವೆ ಎಷ್ಟು ಮರಿ ಪ್ರೊಸೆಸ್‌ಗಳನ್ನು ಹಾಕಿದೆ ಎಂಬುದನ್ನು ಕರ್ನಲ್ಲಿನ ಸಿಗ್ರೂಪ್ ಸೌಲಭ್ಯವೇ ಲೆಕ್ಕ ಇಡುವುದರಿಂದ ಸಂಖ್ಯೆ ಬರೆದಿಡುವ ಕಡತದ ಹಂಗೂ ಬೇಡವಾಯಿತು.

ಬೇಡವಾಯಿತು ಎಂದೆ, ಆದರೆ ಹಳೆಯ ಅಭ್ಯಾಸ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಹಿಂದಿನ ಕಾಲದ ಡೀಮನ್‌ಗಳಿಗೆ, ಅಂದರೆ ಸೇವಾ ತಂತ್ರಾಂಶಗಳಿಗೆ, ಹಿನ್ನೆಲೆಗೆ ಜಾರಿಕೊಳ್ಳುವುದೇ ದೊಡ್ಡ ವಿದ್ಯೆ. ಒಂದು ಪ್ರೊಸೆಸ್ ಮರಿ ಹಾಕುತ್ತದೆ, ಮರಿ ಇನ್ನೊಂದು ಮರಿ ಹಾಕುತ್ತದೆ, ಮೊದಲಿನ ಇಬ್ಬರೂ ಸಾಯುತ್ತಾರೆ, ಮೊಮ್ಮಗ ಉಳಿಯುತ್ತಾನೆ. ಅಜ್ಜ ಸತ್ತರೆ ಸೇವೆ ಸಿದ್ಧವಾಗಿದೆ ಎಂದು ಅರ್ಥ ಮಾಡಿಕೊಳ್ಳಬೇಕು. ಮೊಮ್ಮಗ ನಿಜಕ್ಕೂ ಕೆಲಸಕ್ಕೆ ಕುಳಿತ ಮೇಲೆಯೇ ಅಜ್ಜ ಸಾಯಬೇಕು ಎಂಬುದು ಶಾಸ್ತ್ರ. ಎಷ್ಟೋ ತಂತ್ರಾಂಶಗಳಲ್ಲಿ ಅಜ್ಜನಿಗೆ ಆತುರ.

ಎಂಜಿನ್‌ಎಕ್ಸ್ ವೆಬ್ ಸರ್ವರಿನದು ಇದಕ್ಕೆ ಹೆಸರಾಂತ ಉದಾಹರಣೆ. ಉಬುಂಟು 16.04ರ ಕಾಲದಲ್ಲಿ, ಅದರಲ್ಲೂ ಒಂದೇ ಸಿಪಿಯು ಇರುವ ಸಣ್ಣ ಬಾಡಿಗೆ ಸರ್ವರುಗಳಲ್ಲಿ, ಅದನ್ನು ಎಬ್ಬಿಸಿದಾಗಲೆಲ್ಲ ಸಿಸ್ಟಮ್‌ಡಿ ಒಂದು ದೂರು ದಾಖಲಿಸುತ್ತಿತ್ತು: ಪ್ರೊಸೆಸ್ ಸಂಖ್ಯೆಯ ಕಡತ ಓದಲಾಗಲಿಲ್ಲ. ಮರಿ ಕಡತಕ್ಕೆ ಸಂಖ್ಯೆ ಬರೆಯುವ ಮೊದಲೇ ತಾಯಿ ಹೊರಟುಹೋಗುತ್ತಿತ್ತು; ಸಿಸ್ಟಮ್‌ಡಿ ಬಂದು ನೋಡಿದರೆ ಕಡತ ಖಾಲಿ. ಊರೆಲ್ಲ ಹಬ್ಬಿದ ಪರಿಹಾರವನ್ನು ಕೇಳಿದರೆ ನಗು ಬರುತ್ತದೆ. ಸೇವೆ ಎದ್ದ ಮೇಲೆ 0.1 ಸೆಕೆಂಡ್ ನಿದ್ದೆ ಮಾಡು ಎಂದು ಯೂನಿಟ್ ಫೈಲಿನ ಜೊತೆ ಒಂದು ಸಾಲು ಸೇರಿಸುವುದು! ಮನೆಯ ಮಾಡು ಸೋರುವಲ್ಲಿ ಬಿಂದಿಗೆ ಇಟ್ಟಂತೆ. ಬಿಂದಿಗೆ ಇಟ್ಟವರನ್ನು ನಾನು ಬೈಯುವುದಿಲ್ಲ, ಮಳೆ ಬರುತ್ತಿರುವಾಗ ಬೇರೇನು ಮಾಡಲು ಸಾಧ್ಯ? ಹಂಚು ಸರಿಪಡಿಸಬೇಕಾದವರು ಬೇರೆ ಇದ್ದರು.

ಹಾಗಾದರೆ ಸರಿಯಾದ ದಾರಿ ಯಾವುದು? ಹಿನ್ನೆಲೆಗೆ ಜಾರದೆ ಎದುರಿಗೇ ಇದ್ದು, ಸಿದ್ಧವಾದಾಗ ಬಾಯಿ ಬಿಟ್ಟು 'ಸಿದ್ಧ' ಎನ್ನುವುದು. ಸಿಸ್ಟಮ್‌ಡಿಯಲ್ಲಿ ಇದಕ್ಕೆ 'ನೋಟಿಫೈ' ಎಂಬ ಬಗೆ ಇದೆ. ಸೇವೆಯನ್ನು ಹುಟ್ಟಿಸುವಾಗ ಮ್ಯಾನೇಜರ್ ಅದರ ಕೈಗೆ ಒಂದು ಸಾಕೆಟ್ಟಿನ, ಅಂದರೆ ಪ್ರೊಸೆಸ್‌ಗಳು ಪರಸ್ಪರ ಮಾತಾಡುವ ಕಿಂಡಿಯ, ವಿಳಾಸ ಕೊಟ್ಟು ಕಳಿಸುತ್ತದೆ. 'ನೋಟಿಫೈ ಸಾಕೆಟ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಅದು ಇರುತ್ತದೆ. ತಂತ್ರಾಂಶ ತನ್ನ ಸಂರಚನೆ ಓದಿ, ಪೋರ್ಟ್ ಹಿಡಿದು, ಗಿರಾಕಿಗಳನ್ನು ಒಳಗೆ ಬಿಡಲು ಅಣಿಯಾದ ಕ್ಷಣದಲ್ಲಿ ಆ ವಿಳಾಸಕ್ಕೆ 'ರೆಡಿ=1' ಎಂಬ ಪುಟ್ಟ ಚೀಟಿ ಕಳಿಸುತ್ತದೆ. ಅಷ್ಟೇ. ಅದನ್ನು ನೋಡಿದ ಮೇಲಷ್ಟೇ ಮ್ಯಾನೇಜರ್ ಮುಂದಿನ ಸೇವೆಯನ್ನು ಎಬ್ಬಿಸುತ್ತದೆ. ಪೋಸ್ಟ್‌ಗ್ರೆಸ್ 2016ರ 9.6ನೇ ಆವೃತ್ತಿಯಿಂದಲೇ ಈ ಮಾತು ಕಲಿತಿದೆ, ಕಟ್ಟುವಾಗ ಬೇಕೆಂದು ಹೇಳಬೇಕು ಅಷ್ಟೇ. ನಾನು ಹೇಳಿರಲಿಲ್ಲ.

ಈಗ ಆ ಕಥೆ. ದೂರದ ಯಂತ್ರಗಳಿಗೆ ಲಾಗಿನ್ ಆಗಲು ಜಗತ್ತೆಲ್ಲ ಬಳಸುವ ಓಪನ್‌ಎಸ್‌ಎಸ್‌ಎಚ್‌ನ ಸರ್ವರ್ ಕೂಡ ಹಳೆಯ ಕಾಲದ ಡೀಮನ್ನೇ. ಅದು ಏಳಲು ಸೋತರೂ ಸಿಸ್ಟಮ್‌ಡಿಗೆ ಗೊತ್ತಾಗದೆ 'ಎದ್ದಿದೆ' ಎಂದು ವರದಿ ಮಾಡುತ್ತಿತ್ತು. ಸರ್ವರ್ ನೋಡಿಕೊಳ್ಳುವವರಿಗೆ ಇದಕ್ಕಿಂತ ಕೆಟ್ಟ ಸುಳ್ಳು ಬೇರೆ ಇಲ್ಲ. ಒಳಗೆ ಹೋಗುವ ಒಂದೇ ಬಾಗಿಲು ಮುಚ್ಚಿದೆ, ಬೋರ್ಡ್ ಮಾತ್ರ 'ತೆರೆದಿದೆ' ಎನ್ನುತ್ತಿದೆ. 'ಸಿದ್ಧ' ಎಂದು ಹೇಳುವ ಸೌಲಭ್ಯ ಸೇರಿಸಿ ಎಂಬ ಕೋರಿಕೆ ಓಪನ್‌ಎಸ್‌ಎಸ್‌ಎಚ್ ಯೋಜನೆಯ ಮುಂದೆ ವರ್ಷಗಟ್ಟಲೆ ಬಿದ್ದಿತ್ತು. ಆ ಯೋಜನೆ ಹುಟ್ಟಿದ್ದು ಲಿನಕ್ಸ್ ಅಲ್ಲದ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯಾದ ಓಪನ್‌ಬಿಎಸ್‌ಡಿಯ ಅಂಗಳದಲ್ಲಿ. ಅಲ್ಲಿ ಸಿಸ್ಟಮ್‌ಡಿ ಓಡುವುದೇ ಇಲ್ಲ. ಹೀಗಾಗಿ ಡೆಬಿಯನ್, ಫೆಡೋರಾ ಮೊದಲಾದ ವಿತರಣೆಗಳು ತಮ್ಮ ತಮ್ಮ ಪ್ಯಾಕೇಜುಗಳಲ್ಲಿ ತಾವೇ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಹಾಕಿಕೊಂಡವು. ಪ್ಯಾಚ್ ಚಿಕ್ಕದು. ಸಿಸ್ಟಮ್‌ಡಿಯವರೇ ಕೊಡುವ ಲಿಬ್‌ಸಿಸ್ಟಮ್‌ಡಿ ಎಂಬ ಲೈಬ್ರರಿಯನ್ನು (ಬೇರೆ ತಂತ್ರಾಂಶಗಳು ಎರವಲು ಪಡೆಯುವ ಸಿದ್ಧ ಕೋಡಿನ ಕಟ್ಟು) ಜೋಡಿಸಿಕೊಂಡು ಅದರ ಒಂದು ಫಂಕ್ಷನ್ ಕರೆಯುವುದು. ಯಾರು ಮಾಡಿದರೂ ಮೊದಲು ಹಾಗೆಯೇ ಮಾಡುತ್ತಾರೆ.

ಆದರೆ ಆ ಲೈಬ್ರರಿ ಒಂದೇ ಕೆಲಸದ್ದಲ್ಲ. ಸಿಸ್ಟಮ್‌ಡಿಯ ಲಾಗುಗಳನ್ನು ಓದುವ ಕೆಲಸವೂ ಅದರದೇ. ಲಾಗುಗಳು ಸಂಕುಚಿತ ರೂಪದಲ್ಲಿ ಇರಬಹುದಾದ್ದರಿಂದ ಅವನ್ನು ಬಿಚ್ಚುವ ಲಿಬ್‌ಎಲ್‌ಝಡ್‌ಎಂಎ ಎಂಬ ಇನ್ನೊಂದು ಲೈಬ್ರರಿಯನ್ನೂ ಅದು ಬೆನ್ನಿಗೆ ಕಟ್ಟಿಕೊಂಡೇ ಬರುತ್ತಿತ್ತು. ಮದುವೆಗೆ ಒಬ್ಬರನ್ನು ಕರೆದರೆ ಅವರು ತಮ್ಮ ಜೊತೆಗಾರರನ್ನೆಲ್ಲ ಕರೆತಂದ ಹಾಗೆ. ಲಾಗಿನ್ ಸರ್ವರಿಗೆ ಬೇಕಿದ್ದದ್ದು ಒಂದು ಚೀಟಿ ಕಳಿಸುವುದು. ಅದರ ಮನೆಯೊಳಗೆ ಬಂದು ಕುಳಿತದ್ದು ಕಡತಗಳನ್ನು ಕುಗ್ಗಿಸಿ ಹಿಗ್ಗಿಸುವ ಎಕ್ಸ್‌ಝಡ್ ಯೋಜನೆಯ ಕೋಡ್.

ಯಾರೋ ಒಬ್ಬರು, ಅಥವಾ ಒಂದು ಗುಂಪು, ಈ ಸರಪಳಿಯನ್ನು ನಮಗಿಂತ ಮೊದಲೇ ನೋಡಿತ್ತು. ಎರಡು ವರ್ಷಕ್ಕೂ ಹೆಚ್ಚು ಕಾಲ ಎಕ್ಸ್‌ಝಡ್ ಯೋಜನೆಯಲ್ಲಿ ಸಜ್ಜನ ಸ್ವಯಂಸೇವಕನಂತೆ ದುಡಿದು, ನಂಬಿಕೆ ಗಳಿಸಿ, 5.6.0 ಮತ್ತು 5.6.1ನೇ ಆವೃತ್ತಿಗಳೊಳಗೆ ಹಿಂಬಾಗಿಲು ಕೂರಿಸಲಾಯಿತು. 2024ರ ಮಾರ್ಚ್ 29ರಂದು ಅದನ್ನು ಬಯಲು ಮಾಡಿದವರು ಆಂಡ್ರೆಸ್ ಫ್ರಾಯಿಂಡ್. ಅವರು ಭದ್ರತಾ ತಜ್ಞರಲ್ಲ, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೆಲಸಗಾರರು. ತಮ್ಮ ಡೆಬಿಯನ್ ಯಂತ್ರದಲ್ಲಿ ಲಾಗಿನ್ನುಗಳು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿವೆ, ಸಿಪಿಯು ವಿನಾಕಾರಣ ಬಿಸಿಯಾಗುತ್ತಿದೆ ಎಂದು ಬೆನ್ನು ಹತ್ತಿದವರು ಅವರು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2024-3094 ಎಂದು ಅದಕ್ಕೆ ಸಂಖ್ಯೆ ಬಿತ್ತು. ಆ ಆವೃತ್ತಿಗಳು ಡೆಬಿಯನ್ನಿನ ಪರೀಕ್ಷಾ ಶಾಖೆಗಳಿಗೂ ಫೆಡೋರಾದ ಮುಂಬರುವ ಆವೃತ್ತಿಗೂ ತಲುಪಿದ್ದವು. ಸ್ಥಿರ ಆವೃತ್ತಿಗಳಿಗೆ ಇಳಿಯುವ ಮೊದಲೇ ಹಿಡಿದದ್ದು ಪುಣ್ಯ. ಆರ್ಚ್ ಲಿನಕ್ಸಿನವರೂ ಅದೇ ಎಕ್ಸ್‌ಝಡ್ ಹಂಚಿದ್ದರು, ಆದರೆ ಅವರು ಲಾಗಿನ್ ಸರ್ವರಿಗೆ ಪ್ಯಾಚ್ ಹಾಕಿರಲಿಲ್ಲ. ಹಾಗಾಗಿ ಅಲ್ಲಿ ಸರಪಳಿಯ ಕೊಂಡಿಯೇ ಇರಲಿಲ್ಲ.

ಸಿಸ್ಟಮ್‌ಡಿಯನ್ನು ದ್ವೇಷಿಸುವವರಿಗೆ ಇದು ಹಬ್ಬವಾಯಿತು. 'ನೋಡಿದಿರಾ, ನಾವು ಹೇಳಿರಲಿಲ್ಲವೇ' ಎಂದರು. ನನಗೆ ಹಾಗೆ ಅನಿಸುವುದಿಲ್ಲ. ನಿಯಮ ಸರಳವಾಗಿಯೇ ಇತ್ತು: ಒಂದು ಸಾಕೆಟ್, ಒಂದು ಸಾಲು. ಆ ಸಾಲನ್ನು ಕಳಿಸಲು ಯಾವ ಲೈಬ್ರರಿಯೂ ಬೇಕಿಲ್ಲ ಎಂಬುದು ಮೊದಲಿನಿಂದಲೂ ನಿಜ. ಕೊರತೆ ಇದ್ದದ್ದು ಬೇರೆ ಕಡೆ: ಆ ಮಾತನ್ನು ಬರೆಯಬೇಕಾದವರು, ಅಂದರೆ ತಂತ್ರಾಂಶದ ಮೂಲ ಲೇಖಕರು, ಅದು ತಮ್ಮ ಕೆಲಸವಲ್ಲ ಎಂದು ಸುಮ್ಮನಿದ್ದರು. ಬರೆದವರು ವಿತರಣೆಯ ಪ್ಯಾಕೇಜು ನೋಡಿಕೊಳ್ಳುವವರು. ಹತ್ತಾರು ಪ್ಯಾಕೇಜುಗಳ ನಡುವೆ, ಕೈಗೆ ಸಿಕ್ಕ ಅನುಕೂಲದ ದಾರಿಯಲ್ಲಿ. ಮನೆ ಕಟ್ಟಿದವರು ಇಡದ ಕಿಟಕಿಯನ್ನು ಬಾಡಿಗೆಗೆ ಬಂದವರು ಗೋಡೆ ಕೊರೆದು ಇಟ್ಟುಕೊಂಡರು.

ಮುಂದೆ ನಡೆದದ್ದೇ ಇದಕ್ಕೆ ಸಾಕ್ಷಿ. 2024ರ ಜುಲೈ 1ರಂದು ಬಂದ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಆ ಸೌಲಭ್ಯವನ್ನು ಮೂಲ ಯೋಜನೆಯೇ ಸೇರಿಸಿತು. ಲಿಬ್‌ಸಿಸ್ಟಮ್‌ಡಿಯ ಹಂಗಿಲ್ಲದೆ ತನ್ನದೇ ಚಿಕ್ಕ ಕೋಡಿನಲ್ಲಿ ವಿಳಾಸ ಓದಿ, ಸಾಕೆಟ್ ತೆರೆದು, ಚೀಟಿ ಕಳಿಸಿ ಮುಚ್ಚುತ್ತದೆ. ವೆಬ್ ದಟ್ಟಣೆಯನ್ನು ಹಲವು ಸರ್ವರುಗಳಿಗೆ ಹಂಚುವ ಹೆಚ್‌ಎಪ್ರಾಕ್ಸಿಯವರೂ ಅದೇ ವರ್ಷ ಅದೇ ದಾರಿ ಹಿಡಿದರು. ಸಿಸ್ಟಮ್‌ಡಿಯ ಕೈಪಿಡಿಯಲ್ಲಿ ಈಗ ಲೈಬ್ರರಿಯಿಲ್ಲದೆ 'ಸಿದ್ಧ' ಎನ್ನುವುದು ಹೇಗೆ ಎಂಬ ಮಾದರಿ ಕೋಡನ್ನೇ ಕೊಟ್ಟಿದ್ದಾರೆ, ಸಿ ಭಾಷೆಯಲ್ಲೂ ಪೈಥಾನ್‌ನಲ್ಲೂ. ನಕಲು ಮಾಡಿಕೊಳ್ಳಲು ಅಡ್ಡಿಯಿಲ್ಲ. 2024ರ ಜೂನ್‌ನ 256ನೇ ಆವೃತ್ತಿಯಿಂದ ಲಿಬ್‌ಸಿಸ್ಟಮ್‌ಡಿಯೂ ಸಂಕೋಚನದ ಲೈಬ್ರರಿಗಳನ್ನು ಬೇಕಾದಾಗ ಮಾತ್ರ ತೆರೆಯುತ್ತದೆ. ಈ ಬದಲಾವಣೆ ಹಿಂಬಾಗಿಲು ಬಯಲಾಗುವ ಮೊದಲೇ ಆರಂಭವಾಗಿತ್ತು ಎಂಬುದನ್ನು ನ್ಯಾಯಕ್ಕಾದರೂ ಹೇಳಬೇಕು.

ಯೂನಿಟ್ ಫೈಲ್ ಕಡೆಗೂ ಒಮ್ಮೆ ನೋಡೋಣ. ಅದನ್ನು ಮೂಲ ಲೇಖಕರೇ ಬರೆದು ಕೊಟ್ಟರೆ ಹತ್ತು ವಿತರಣೆಗಳಲ್ಲಿ ಹತ್ತು ಬಗೆಯ ಕಡತಗಳು ಹುಟ್ಟುವುದಿಲ್ಲ. ಆದರೆ ಕಡತ ಒಂದೇ ಆದರೂ ಮನೆತನದ ಪದ್ಧತಿಗಳು ಬೇರೆ ಬೇರೆ. ಡೆಬಿಯನ್ನಿನಲ್ಲಿ ಸರ್ವರ್ ಪ್ಯಾಕೇಜೊಂದನ್ನು ಹಾಕಿದ ಕೂಡಲೇ ಅದು ಎದ್ದು ಓಡಲು ಶುರು ಮಾಡುತ್ತದೆ. ಫೆಡೋರಾದಲ್ಲಿ ಹಾಕಿದರೂ ಸಾಮಾನ್ಯವಾಗಿ ಮಲಗಿಯೇ ಇರುತ್ತದೆ. ಯಾವುದು ತಾನಾಗಿ ಏಳಬೇಕು ಎಂಬ ಪಟ್ಟಿಯನ್ನು ವಿತರಣೆ ಪ್ರತ್ಯೇಕವಾಗಿ ಇಟ್ಟಿರುತ್ತದೆ, ಉಳಿದವನ್ನು ನೀವೇ ಎಬ್ಬಿಸಬೇಕು. ಸಂರಚನೆ ತಿದ್ದುವ ಮೊದಲೇ ಡೇಟಾಬೇಸ್ ಓಡತೊಡಗಿದರೆ ಮೈ ಜುಮ್ಮೆನ್ನುವ ನನ್ನಂಥವರಿಗೆ ಫೆಡೋರಾದ ರೀತಿಯೇ ಹಿತ. ಹಾಕಿದ ಮೇಲೂ ಯಾಕೆ ಓಡುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವ ಹೊಸಬರಿಗೆ ಡೆಬಿಯನ್ನಿನದು. ಆಲ್ಪೈನ್ ಲಿನಕ್ಸಿನಲ್ಲಿ ಇನ್ನೂ ಒಂದು ಅಚ್ಚುಕಟ್ಟು ಇದೆ: ತಂತ್ರಾಂಶ ಒಂದು ಪ್ಯಾಕೇಜ್, ಅದನ್ನು ಎಬ್ಬಿಸುವ ಓಪನ್‌ಆರ್‌ಸಿ (ಆಲ್ಪೈನಿನ ಸರ್ವಿಸ್ ಮ್ಯಾನೇಜರ್) ಸ್ಕ್ರಿಪ್ಟ್ ಅದರ ಬಾಲದಂತೆ ಇನ್ನೊಂದು ಪುಟ್ಟ ಪ್ಯಾಕೇಜ್. ಯಂತ್ರದಲ್ಲಿ ಓಪನ್‌ಆರ್‌ಸಿ ಇದ್ದರೆ ಮಾತ್ರ ಬಾಲ ಬಂದು ಅಂಟಿಕೊಳ್ಳುತ್ತದೆ. ಕಂಟೇನರುಗಳೊಳಗೆ, ಅಂದರೆ ಒಂದೊಂದು ತಂತ್ರಾಂಶವನ್ನು ಪ್ರತ್ಯೇಕವಾಗಿ ಓಡಿಸುವ ಡಬ್ಬಿಗಳೊಳಗೆ, ಆಲ್ಪೈನ್ ಬಳಸುವವರಿಗೆ ಸರ್ವಿಸ್ ಮ್ಯಾನೇಜರೇ ಬೇಡ. ಅವರ ಪಾಲಿಗೆ ಅದರ ಕಸವೂ ಇಲ್ಲ.

ಭದ್ರತೆಯ ಬೇಲಿಯೂ ಈಗ ಇದೇ ಕಡತದಲ್ಲಿದೆ. ಈ ಸೇವೆ ಡಿಸ್ಕಿನ ಯಾವ ಭಾಗ ಮುಟ್ಟಬಹುದು, ಯಾವ ಹಕ್ಕುಗಳು ಬೇಡ, ಅದಕ್ಕೆ ಬೇರೆಯೇ ತಾತ್ಕಾಲಿಕ ಡೈರೆಕ್ಟರಿ ಇರಲಿ ಎಂದೆಲ್ಲ ಒಂದೊಂದು ಸಾಲಿನಲ್ಲಿ ಬರೆಯಬಹುದು. ಹೀಗೆ ಹೊರಗಿನಿಂದ ಬೇಲಿ ಹಾಕುವವರು ಒಳಗಿನ ಓಡಾಟ ತಿಳಿದಿರದಿದ್ದರೆ ಕಾಲಿಗೇ ಮುಳ್ಳು. ನಾನು ಕ್ಯಾಟಲಾಗಿಗೆ ಉತ್ಸಾಹದಿಂದ ಪ್ರತ್ಯೇಕ ತಾತ್ಕಾಲಿಕ ಡೈರೆಕ್ಟರಿ ಕೊಟ್ಟೆ. ಮೂಲ ಕೋಡಿನಿಂದ ಕಟ್ಟಿದ ಪೋಸ್ಟ್‌ಗ್ರೆಸ್ ತನ್ನ ಸಾಕೆಟ್ ಇಡುವುದು ಎಲ್ಲರಿಗೂ ಸೇರಿದ ಹಳೆಯ ತಾತ್ಕಾಲಿಕ ಡೈರೆಕ್ಟರಿಯಲ್ಲಿ. ಬೇಲಿಯೊಳಗಿನ ಕ್ಯಾಟಲಾಗಿಗೆ ಅದು ಕಾಣಿಸಲೇ ಇಲ್ಲ. ಒಂದು ಭಾನುವಾರ ಹಾಳಾಯಿತು.

ಇಷ್ಟು ತಾಂತ್ರಿಕ. ಇನ್ನು ರಾಜಕೀಯ. ಡೆಬಿಯನ್ನಿನ ತಾಂತ್ರಿಕ ಸಮಿತಿ 2014ರ ಫೆಬ್ರವರಿಯಲ್ಲಿ ಸಿಸ್ಟಮ್‌ಡಿಯನ್ನು ಆರಿಸಿದಾಗ ಮತಗಳು ಸಮವಾಗಿ ಹಂಚಿಹೋಗಿ, ಅಧ್ಯಕ್ಷ ಬಿಡೇಲ್ ಗಾರ್ಬಿಯವರ ನಿರ್ಣಾಯಕ ಮತದಿಂದ ತೀರ್ಮಾನವಾಯಿತು. ಕೆಲವೇ ದಿನಗಳಲ್ಲಿ ಉಬುಂಟು ತನ್ನದೇ ಆದ ಅಪ್‌ಸ್ಟಾರ್ಟ್ ಎಂಬ ಮ್ಯಾನೇಜರನ್ನು ಬಿಟ್ಟು ಹಿಂದೆ ಬಂತು. ಒಪ್ಪದವರು ಅದೇ ವರ್ಷ ಡೆವುವಾನ್ ಎಂಬ ಬೇರೆ ಮನೆ ಕಟ್ಟಿದರು. ಆಗಲೂ ಡೆಬಿಯನ್ನಿನ ನಿಯಮ ಪ್ರತಿ ಸೇವೆಗೂ ಹಳೆಯ ಶೆಲ್ ಸ್ಕ್ರಿಪ್ಟ್ ಇರಲೇಬೇಕು ಎನ್ನುತ್ತಿತ್ತು. 2019ರ ಡಿಸೆಂಬರಿನಲ್ಲಿ ಎಲ್ಲ ಸದಸ್ಯರ ಮತದಾನ ನಡೆದು, ಸಿಸ್ಟಮ್‌ಡಿಯೇ ಮುಖ್ಯ, ಬೇರೆಯವನ್ನು ಪ್ರಯತ್ನಿಸುವವರಿಗೂ ಜಾಗವಿದೆ ಎಂಬ ನಿಲುವು ಗೆದ್ದಿತು. ಅಲ್ಲಿಂದ ಪ್ಯಾಕೇಜು ನೋಡಿಕೊಳ್ಳುವವರು ಹಳೆಯ ಸ್ಕ್ರಿಪ್ಟುಗಳನ್ನು ಒಂದೊಂದಾಗಿ ಕೈಬಿಟ್ಟರು. ಹಾಗೆ ಬಿಟ್ಟವುಗಳನ್ನು ಎತ್ತಿ ಸಾಕುವ ಒಂದು ಪ್ಯಾಕೇಜೂ ಡೆಬಿಯನ್ನಿನಲ್ಲಿದೆ. ಅದರ ಹೆಸರಿನಲ್ಲೇ 'ಅನಾಥ' ಎಂಬರ್ಥದ 'ಆರ್ಫನ್' ಇದೆ. ಪ್ಯಾಕೇಜಿಗೆ ಹೆಸರಿಡುವಲ್ಲಿ ಇಷ್ಟು ಕರುಳು ಕಾಣುವುದು ಅಪರೂಪ.

ಸಿಸ್ಟಮ್‌ಡಿಯವರೂ ಹಳೆಯ ಸ್ಕ್ರಿಪ್ಟುಗಳ ಕೈ ಬಿಡುತ್ತಿದ್ದಾರೆ. ಇನಿಟ್.ಡಿಯ ಸ್ಕ್ರಿಪ್ಟ್ ಮಾತ್ರ ಇರುವ ಪ್ಯಾಕೇಜಿಗೆ ತಾತ್ಕಾಲಿಕವಾಗಿ ಯೂನಿಟ್ ಹುಟ್ಟಿಸಿಕೊಡುವ ಒಂದು ಭಾಷಾಂತರಕಾರನನ್ನು ಅವರು ಇಷ್ಟು ವರ್ಷ ಇಟ್ಟುಕೊಂಡಿದ್ದರು. 2023ರ ಜುಲೈನ 254ನೇ ಆವೃತ್ತಿ ಅದಕ್ಕೆ ನಿವೃತ್ತಿಯ ನೋಟಿಸು ಕೊಟ್ಟಿತು. 260ನೇ ಆವೃತ್ತಿಯಲ್ಲಿ ತೆಗೆಯುವುದೆಂದು ಆಮೇಲೆ ಸಾರಿದರು. ಪ್ರಿಂಟರ್ ಚಾಲಕ, ಲೈಸೆನ್ಸ್ ಸರ್ವರ್ ಎಂದು ಕಂಪನಿಗಳು ಕೊಡುವ, ಹತ್ತು ವರ್ಷ ಯಾರೂ ಮುಟ್ಟದ ಪ್ಯಾಕೇಜುಗಳಿಗೆ ಇದರ ಬಿಸಿ ಮೊದಲು ತಟ್ಟುತ್ತದೆ. ಡೆಸ್ಕ್‌ಟಾಪಿನ ಕಡೆ, 2025ರ ಸೆಪ್ಟೆಂಬರಿನ ಗ್ನೋಮ್ 49 ತನ್ನೊಳಗಿದ್ದ ಸ್ವಂತ ಸೇವಾ ನಿರ್ವಾಹಕವನ್ನು ಕಿತ್ತು ಸಿಸ್ಟಮ್‌ಡಿಯ ಮೇಲೆ ಇನ್ನಷ್ಟು ಒರಗಿತು. ಹಳೆಯ ಫೋನುಗಳಿಗೆ ಲಿನಕ್ಸ್ ಹಾಕುವ ಪೋಸ್ಟ್‌ಮಾರ್ಕೆಟ್‌ಓಎಸ್ ಯೋಜನೆ ನಿಂತಿರುವುದು ಓಪನ್‌ಆರ್‌ಸಿ ಬಳಸುವ ಆಲ್ಪೈನಿನ ಮೇಲೆ. ಅವರು 2024ರ ಮಾರ್ಚಿನಲ್ಲಿ ಸಿಸ್ಟಮ್‌ಡಿ ತರುವುದಾಗಿ ಸಾರಿದರು. ತತ್ವಾಂತರ ಏನೂ ಆಗಿರಲಿಲ್ಲ. ಗ್ನೋಮ್, ಕೆಡಿಇ ಡೆಸ್ಕ್‌ಟಾಪುಗಳನ್ನು ಸಿಸ್ಟಮ್‌ಡಿ ಇಲ್ಲದೆ ಓಡಿಸಲು ಬೇಕಾದ ತೇಪೆ ಹಚ್ಚಿ ಹಚ್ಚಿ ಆ ಸಣ್ಣ ತಂಡ ಸುಸ್ತಾಗಿತ್ತು, ಅಷ್ಟೇ. ತಂತ್ರಾಂಶಗಳ ಬುಡದಲ್ಲಿರುವ ಗ್ನೂ ಸಿ ಲೈಬ್ರರಿಗೇ ಒಗ್ಗಿದ್ದ ಸಿಸ್ಟಮ್‌ಡಿ, ಆಲ್ಪೈನಿನ ಮಸಲ್ ಎಂಬ ಬದಲಿ ಲೈಬ್ರರಿಗೆ ಪ್ರಾಯೋಗಿಕವಾಗಿ ಬಾಗಿಲು ತೆರೆದದ್ದು 2025ರ ಡಿಸೆಂಬರಿನ 259ನೇ ಆವೃತ್ತಿಯಲ್ಲಿ.

ಹಾಗಾದರೆ ಬೇರೆ ಮ್ಯಾನೇಜರುಗಳ ಕಥೆ ಮುಗಿಯಿತೇ? ವಾಯ್ಡ್ ಲಿನಕ್ಸ್ ರನಿಟ್ ಬಳಸುತ್ತದೆ, ಚಿಮೆರಾ ಲಿನಕ್ಸ್ ಡಿನಿಟ್ ಬಳಸುತ್ತದೆ, ಎಸ್6 ಮೆಚ್ಚುವವರು ಅದನ್ನೇ ಮೆಚ್ಚುತ್ತಾರೆ. ಗಮನಿಸಿದರೆ ಇವೆಲ್ಲವೂ ತಂತ್ರಾಂಶದಿಂದ ಬಯಸುವುದು ಹೆಚ್ಚುಕಡಿಮೆ ಒಂದೇ: ಹಿನ್ನೆಲೆಗೆ ಜಾರಬೇಡ, ನಿಲ್ಲು ಎಂಬ ಸಂಕೇತ ಬಂದಾಗ ಮರ್ಯಾದೆಯಿಂದ ನಿಲ್ಲು. ಸಿದ್ಧವಾದಾಗ ಹೇಳುವ ರೀತಿಯಲ್ಲಿ ಮಾತ್ರ ಭೇದ. ಎಸ್6, ಡಿನಿಟ್‌ಗಳಲ್ಲಿ ಸಾಕೆಟ್ ಕೂಡ ಬೇಡ. ಮ್ಯಾನೇಜರ್ ಮೊದಲೇ ತೆರೆದುಕೊಟ್ಟ ಒಂದು ಪೈಪಿನಲ್ಲಿ ಬರೆದರೆ ಸಾಕು, ಎಸ್6ಗಂತೂ ಒಂದು ಹೊಸ ಸಾಲಿನ ಅಕ್ಷರವೇ ಸಂದೇಶ. ನನ್ನ ಕಣ್ಣಿಗೆ ಇದು ಸಿಸ್ಟಮ್‌ಡಿಯದಕ್ಕಿಂತ ಚೆಲುವಾದ ವಿನ್ಯಾಸ. ಆದರೆ ಚೆಲುವಿಗಿಂತ ಚಲಾವಣೆ ದೊಡ್ಡದು. ಮೂಲ ಲೇಖಕರು ಎದುರಿಗೇ ಓಡುವ ಒಂದು ಆಯ್ಕೆಯನ್ನೂ, 'ಈಗ ಸಿದ್ಧ' ಎಂದು ಕೋಡಿನಲ್ಲಿ ಒಂದೇ ಕಡೆ ಗುರುತಿಸಿದ ಜಾಗವನ್ನೂ ಇಟ್ಟರೆ, ಆ ಜಾಗದಿಂದ ಸಾಕೆಟ್ಟಿಗೂ ಚೀಟಿ ಹೋಗಬಹುದು, ಪೈಪಿಗೂ ಹೋಗಬಹುದು. ಕಷ್ಟವಿರುವುದು ಚೀಟಿ ಕಳಿಸುವುದರಲ್ಲಲ್ಲ. ತಾನು ನಿಜವಾಗಿ ಯಾವಾಗ ಸಿದ್ಧ ಎಂದು ತಂತ್ರಾಂಶ ತನ್ನನ್ನೇ ಕೇಳಿಕೊಳ್ಳುವುದರಲ್ಲಿ. ಪೋರ್ಟ್ ಹಿಡಿದಾಗಲೇ? ಕ್ಯಾಶ್ ತುಂಬಿಕೊಂಡಾಗಲೇ? ಇನ್ನೊಂದು ಸೇವೆಯ ಸಂಪರ್ಕ ಸಿಕ್ಕಾಗಲೇ? ಪ್ಯಾಕೇಜು ಕಟ್ಟುವವರು ಹೊರಗೆ ನಿಂತು ಇದಕ್ಕೆ ಉತ್ತರ ಹೇಳಲಾರರು. ಅವರಿಂದ ಆಗುವುದು 0.1 ಸೆಕೆಂಡ್ ನಿದ್ದೆ ಮಾತ್ರ.

ನಮ್ಮ ಗ್ರಂಥಾಲಯಕ್ಕೆ ಬಂದರೆ, ಪೋಸ್ಟ್‌ಗ್ರೆಸ್ಸನ್ನು ಸಿಸ್ಟಮ್‌ಡಿ ಬೆಂಬಲದೊಂದಿಗೆ ಮತ್ತೆ ಕಟ್ಟಿದೆ. ಮೇಲೆ ಇಷ್ಟೆಲ್ಲ ಬರೆದವನ ಡೇಟಾಬೇಸು ಈಗ ಲಿಬ್‌ಸಿಸ್ಟಮ್‌ಡಿಯನ್ನೇ ಜೋಡಿಸಿಕೊಂಡು ಕುಳಿತಿದೆ. ಪೋಸ್ಟ್‌ಗ್ರೆಸ್ ಈ ಮಾತಾಡುವುದು ಆ ಲೈಬ್ರರಿಯ ಮೂಲಕವೇ, ಏನು ಮಾಡಲಿ. ಯೂನಿಟ್ ಫೈಲಿನಲ್ಲಿ 'ಸಿಂಪಲ್' ಅಳಿಸಿ 'ನೋಟಿಫೈ' ಬರೆದೆ. ಕ್ಯಾಟಲಾಗಿನ ಎರಡು ಯತ್ನಗಳ ನಡುವಿನ ಅಂತರವನ್ನು ಐದು ಸೆಕೆಂಡಿಗೆ ಏರಿಸಿದೆ. ಒಂದು ಶನಿವಾರ ಮಧ್ಯಾಹ್ನ, ಎಲ್ಲವನ್ನೂ ಬ್ಯಾಕಪ್ ತೆಗೆದುಕೊಂಡು, ಗ್ರಂಥಪಾಲಕಿಯ ಎದುರಿಗೇ ಸರ್ವರಿನ ಪ್ಲಗ್ ಕಿತ್ತು ಮತ್ತೆ ಚುಚ್ಚಿದೆ. ಪರದೆಯ ಮೇಲೆ ಡೇಟಾಬೇಸಿನ ಸಾಲು 'ಶುರುವಾಗುತ್ತಿದೆ' ಎಂದು ತೋರಿಸುತ್ತ 38 ಸೆಕೆಂಡ್ ಹಾಗೆಯೇ ನಿಂತಿತು. ಆಮೇಲೆ 'ಓಡುತ್ತಿದೆ' ಎಂದಿತು; ಮರುಕ್ಷಣ ಕ್ಯಾಟಲಾಗ್ ಎದ್ದಿತು, ಮೊದಲ ಯತ್ನದಲ್ಲೇ. ನಾನು ಹೆಮ್ಮೆಯಿಂದ ಪಕ್ಕಕ್ಕೆ ತಿರುಗಿದೆ.

"ಮೊದಲಿಗಿಂತ ನಿಧಾನ ಆಯಿತಲ್ಲ ಸಾರ್" ಎಂದರು ಅವರು.